ಅಂದಂದಿನ ಕಾಯಕ

ಮೋಕ್ಷವನ್ನು ಮುಂದೆಂದೋ ದೊರೆಯತಕ್ಕ ಫಲವೆಂದೂ, ಇಂದಿನ ಬದುಕೆಲ್ಲ ಅದಕ್ಕಾಗಿ ಸವೆಸಬೇಕಾದ ದೀರ್ಘ ಸಿದ್ಧತೆಯೆಂದೂ ಬಗೆಯುವುದು ಸಾಧಕರಲ್ಲಿ ಬಹು ಪುರಾತನವಾದ ಪ್ರವೃತ್ತಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವವರು, ಸೌದೆ ಮಾರುವವರು, ಬಟ್ಟೆ ಒಗೆಯುವವರು, ಚೆಲ್ಲಿದ ಅಕ್ಕಿಯನ್ನು ಆಯುವವರು ಮಂತ್ರಿಗಳೊಡನೆ ಸರಿಸಮನಾಗಿ ಕುಳಿತು ಪರಮಾರ್ಥವನ್ನು ವಿಚಾರಿಸತೊಡಗಿದಾಗ, ಆ ಪ್ರವೃತ್ತಿಯೇ ಅವರ ಪರೀಕ್ಷೆಗೆ ಒಳಗಾಯಿತು.

ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿದ್ದ ಆ ನಗರವು 1157ರ ಸುಮಾರಿಗೆ ಕಳಚುರಿ ಬಿಜ್ಜಳನ ಕೈಸೇರಿತು. ಅವನ ಭಂಡಾರಿಯಾಗಿದ್ದ ಬಸವಣ್ಣನವರ ಮಹಾಮನೆ ಶರಣರ ನೆಲೆಯಾಯಿತು. ದಶಕವೊಂದು ಕಳೆಯುವಷ್ಟರಲ್ಲಿ ಬಿಜ್ಜಳನ ಆಳಿಕೆ ಮುಗಿದು ಶರಣಸಮೂಹ ಚದುರಿಹೋಯಿತು. ಅವರ ವಚನಗಳನ್ನು ಸಂವಾದರೂಪದಲ್ಲಿ ಹೆಣೆದ ಶೂನ್ಯಸಂಪಾದನೆಯನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದರು. ಗೂಳೂರು ಸಿದ್ಧವೀರಣ್ಣೊಡೆಯರ ಪರಿಷ್ಕರಣದ ಹೊತ್ತಿಗೆ ಅದು ನಾಲ್ಕು ರೂಪಗಳನ್ನು ತಳೆದಿತ್ತು. ಅದರಲ್ಲಿ ಬರುವ ಪ್ರಸಂಗಗಳನ್ನು ಕಣ್ಣಾರೆ ಕಂಡವರ ವರದಿಯೆಂದು ಓದಲಾಗದು. ಆದರೆ ಮೂರು ಶತಮಾನಗಳ ತರುವಾಯವೂ ಒಂದು ಪರಂಪರೆಯು ಯಾವುದನ್ನು ಮರೆಯಲೊಲ್ಲದೆ ಉಳಿಸಿಕೊಂಡಿತೆಂಬುದಕ್ಕೆ ಅವು ದೃಢವಾದ ಪ್ರಮಾಣ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗವನ್ನೇ ನೋಡೋಣ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುತ್ತಿದ್ದರು. ಒಮ್ಮೆ ಅವರು ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ ಕಾಯಕದ ಮಹಿಮೆಯನ್ನೇ ಚರ್ಚಿಸುತ್ತ ಕುಳಿತು ಕಾಯಕದ ಹೊತ್ತನ್ನೇ ಮರೆತರು. ಆಗ ಲಕ್ಕಮ್ಮನವರು ಬಂದು, ಕಾಯಕ ನಿಂತಿದೆ, ಬೇಗನೆ ಹೋಗಿ ಮಾಡೆಂದು ಪತಿಯನ್ನು ಎಚ್ಚರಿಸಿದರು. ಮಾರಯ್ಯನವರು ಹೋಗಿ ಆಯ್ದು ತಂದರು. ಆದರೆ ಅಂದು ತಂದದ್ದು ನಿತ್ಯಕ್ಕಿಂತ ಹೆಚ್ಚಾಗಿತ್ತು. ಲಕ್ಕಮ್ಮನವರು ಅದನ್ನು ಮುಟ್ಟಲೊಪ್ಪದೆ, ಹೆಚ್ಚಿನ ಅಕ್ಕಿಯನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದರು.

ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ದಾಸೋಹಕ್ಕಾಗಿಯೇ ಬೆವರು ಸುರಿಸಿ ಆಯ್ದದ್ದು. ಆದರೂ ಅದು ದೋಷವಾದುದು ಹೇಗೆ? ನಾಳೆಯ ಪಾಲು ಇಂದಿನ ಮಡಿಲಿಗೆ ಬಿದ್ದೊಡನೆ, ನಾಳೆಯ ಚಿಂತೆಯೂ ಇಂದಿನ ಮನಸ್ಸನ್ನು ಹೊಗುತ್ತದೆ. ಇನ್ನಷ್ಟು ಮಾಡಿದರೆ ಇನ್ನಷ್ಟು ಪುಣ್ಯವೆಂಬ ಲೆಕ್ಕವು ಭಕ್ತಿಯ ವೇಷದಲ್ಲಿಯೇ ಒಳನುಸುಳುತ್ತದೆ. ಪರಿಪೂರ್ಣತೆಯ ಹಂಬಲವು ಬಹುಮಟ್ಟಿಗೆ ಈ ಲೆಕ್ಕದ ಸೂಕ್ಷ್ಮರೂಪವೇ ಆಗಿದೆ. ಲಕ್ಕಮ್ಮನವರು ಕಂಡ ಪೂರ್ಣತೆ ಪ್ರಮಾಣದ್ದಲ್ಲ, ಹದದ್ದು: ಇಂದಿಗೆ ಸಾಲುವಷ್ಟು, ಶುದ್ಧವಾಗಿ, ಹೊತ್ತು ಮೀರದಂತೆ.

ಆದರೆ ಕಾಯಕದ ಶುದ್ಧಿಯೇ ಒಂದು ಹಟವಾಗಿ ಬೆಳೆಯಬಹುದೆಂಬುದನ್ನೂ ಶರಣರು ಅರಿತಿದ್ದರು. ನುಲಿಯ ಚಂದಯ್ಯನವರು ಕೆರೆಯಂಗಳದ ಹುಲ್ಲನ್ನು ಕೊಯ್ದು ಹಗ್ಗ ಮಾಡುತ್ತಿದ್ದರು. ಹುಲ್ಲಿನ ಹಗ್ಗ ಮರೆವನ್ನು ಸಹಿಸುವ ಕೆಲಸವಲ್ಲ. ಎಳೆಗಳನ್ನು ಹದವಾಗಿ ನೆನೆಸಬೇಕು. ಒಂದು ದಿಕ್ಕಿಗೆ ಹುರಿಮಾಡಿದ ಎಳೆಗಳನ್ನು ಜೊತೆಗೂಡಿಸಿ ಎದುರು ದಿಕ್ಕಿಗೆ ಹೊಸೆಯಬೇಕು, ಆಗಲೇ ಒಂದರ ಬಿಚ್ಚುವಿಕೆಯನ್ನು ಇನ್ನೊಂದು ತಡೆದು ಹಗ್ಗ ನಿಲ್ಲುತ್ತದೆ. ಮುಗಿಯುತ್ತ ಬಂದ ಎಳೆಗೆ ಹೊಸ ಹುಲ್ಲನ್ನು ಸೇರಿಸುವಾಗ ಅಂಗೈ ಕ್ಷಣಮಾತ್ರ ಮೈಮರೆತರೂ ಆ ಸ್ಥಳದಲ್ಲಿ ಸತ್ವ ತಪ್ಪುತ್ತದೆ. ಇಂತಹ ಏಕಾಗ್ರತೆಯಲ್ಲಿ ಹುಲ್ಲು ಕೊಯ್ಯುತ್ತಿರುವಾಗ ಚಂದಯ್ಯನವರ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತಂತೆ. ಅವರು ಅದನ್ನು ಎತ್ತಿಕೊಳ್ಳದೆ ಹುಲ್ಲಿನ ಹೊರೆಯೊಡನೆ ನಡೆದರಂತೆ. ಲಿಂಗವೇ ಬೆನ್ನಟ್ಟಿ ಬಂದು ಮೊರೆಯಿಟ್ಟರೂ ಒಲಿಯದಿರಲು, ಮಡಿವಾಳ ಮಾಚಯ್ಯನವರು ನಡುವೆ ನಿಂತು ತಿಳಿಹೇಳಬೇಕಾಯಿತಂತೆ. ಹಗ್ಗ ಮಾರಿಬರಲು ಲಿಂಗವನ್ನೇ ಕಳುಹಿದಾಗ ಅದು ತಕ್ಕ ಬೆಲೆಗಿಂತ ಹೆಚ್ಚಿನ ಹಣವನ್ನು ತಂದಿತೆಂದು ಮತ್ತೆ ಮುನಿದರಂತೆ. ಈ ಕಥನದ ಧೈರ್ಯಕ್ಕೆ ಎಣೆಯುಂಟೆ! ಕೈಯಲ್ಲಿರುವ ಕೆಲಸಕ್ಕೆ ದೈವವೂ ಅಡ್ಡಿಯಾಗಬಾರದೆಂಬುದು ಅದರ ಒಂದು ಮುಖ. ಕೆಲಸವೇ ಸಾಕೆಂಬ ಗರ್ವವನ್ನೂ ಕಳಚಬೇಕೆಂಬುದು ಮತ್ತೊಂದು ಮುಖ. ಚಂದಯ್ಯನವರ ಸಮಾಧಿಯೆಂದು ಜನ ನಂಬುವ ಸ್ಥಳವು ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿದೆ.

ಮೋಳಿಗೆ ಮಾರಯ್ಯನವರ ಪ್ರಸಂಗವು ಈ ವಿಚಾರವನ್ನು ಅದರ ತುದಿಗೆ ಮುಟ್ಟಿಸುತ್ತದೆ. ಕಾಶ್ಮೀರದ ಅರಸುತನವನ್ನು ತೊರೆದು ಬಂದವರೆಂದು ಪರಂಪರೆ ಹೇಳುವ ಈ ಶರಣರು ಕಾಡಿನಿಂದ ಸೌದೆಯ ಹೊರೆ ತಂದು ಮಾರಿ ಜೀವಿಸುತ್ತಿದ್ದರು. ವಯಸ್ಸಾಗುತ್ತ ಬಂದಂತೆ ಅವರಲ್ಲಿ ಲಿಂಗೈಕ್ಯದ ಬಯಕೆ ಮೂಡಿತು. ಪತ್ನಿ ಮಹಾದೇವಿಯವರು ಆ ಬಯಕೆಯನ್ನೇ ಪ್ರಶ್ನಿಸಿದರು: ಸೇರಬೇಕಾದುದು ಬೇರೊಂದೆಡೆ ಇದ್ದರೆ ತಾನೆ ಅಲ್ಲಿಗೆ ಹೋಗುವ ಮಾತು? ರಾಜ್ಯವನ್ನು ಬಿಟ್ಟವರಿಗೂ ಕೈಲಾಸದ ಆಸೆಯನ್ನು ಬಿಡುವುದು ಕಡೆಯ ಕಷ್ಟವಾಯಿತು.

ಇಬ್ಬರು ಮಾರಯ್ಯನವರ ಮನೆಗಳಲ್ಲಿಯೂ ಪತಿಯನ್ನು ಇಂದಿನ ನೆಲಕ್ಕೆ ಮರಳಿ ತಂದವರು ಪತ್ನಿಯರೆಂಬುದು ಆಕಸ್ಮಿಕವೆಂದು ನನಗೆ ತೋರದು. ಒಲೆ ಹೊತ್ತಿಸಿ, ಬಂದವರಿಗೆ ಉಣಬಡಿಸಿ, ಮರುದಿನ ಮತ್ತೆ ಅದನ್ನೇ ಮೊದಲಿಡುವವರಿಗೆ, ಒಮ್ಮೆಗೇ ಮುಗಿದುಹೋಗುವ ಪರಿಪೂರ್ಣತೆಯಲ್ಲಿ ನಂಬಿಕೆ ಹುಟ್ಟುವುದು ಕಷ್ಟ. ಅವರ ಅನುಭವ ಗೃಹಕೃತ್ಯದೊಳಗೇ ಅಡಗಿಹೋಗದೆ ವಚನವಾಗಿ ಉಳಿದುದು ನಮ್ಮ ನಾಡಿನ ಭಾಗ್ಯ. ಓಲೆಗರಿಗಳಲ್ಲಿ ಚೆದರಿದ್ದ ಆ ಮಾತುಗಳನ್ನು ಮನೆಮನೆಗೆ ಅಲೆದು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದ ಬಿಜಾಪುರದ ಫ. ಗು. ಹಳಕಟ್ಟಿಯವರು, ವಕೀಲಿಯ ಆದಾಯವನ್ನೂ ಸ್ವಂತ ಮನೆಯನ್ನೂ ಆ ಕೆಲಸಕ್ಕೇ ತೆತ್ತರು. ಎಲ್ಲವೂ ದೊರೆತು ನಿರ್ದುಷ್ಟವಾದ ಮೇಲೆ ಅಚ್ಚುಹಾಕಿಸೋಣವೆಂದು ಅವರು ಕಾದಿದ್ದರೆ, ನಾವು ಲಕ್ಕಮ್ಮನವರ ಹೆಸರನ್ನಾದರೂ ಕೇಳುತ್ತಿದ್ದೆವೋ ಇಲ್ಲವೋ. ದೊರೆತಷ್ಟನ್ನು ದೊರೆತಂದೇ ಶ್ರದ್ಧೆಯಿಂದ ಮಾಡುವುದು, ಮಾಡಿದುದರ ಲೆಕ್ಕವನ್ನು ಮುಂದಿನ ಪದವಿಗೆ ಹೊರದಿರುವುದು: ಕಲ್ಯಾಣದ ಶರಣರು ಸಾಧನೆಯೆಂದುದು ಇದನ್ನೇ, ಇದಕ್ಕಿಂತ ಕಠಿನವಾದ ತಪಸ್ಸನ್ನು ನಾನಂತೂ ಅರಿಯೆನು.