ಪಬ್‌ಜಿ ಮತ್ತು ಬಿಜಿಎಂಐ

ಪಬ್‌ಜಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಸಂಸ್ಥೆಯ ಆನ್‌ಲೈನ್ ಆಟ. ನೂರು ಆಟಗಾರರು ಪ್ಯಾರಾಚೂಟಿನಲ್ಲಿ ದ್ವೀಪಕ್ಕಿಳಿದು, ಆಯುಧ ಹುಡುಕಿಕೊಂಡು, ಕೊನೆಯವರೆಗೆ ಬದುಕುಳಿಯಲು ಸೆಣಸುತ್ತಾರೆ. ಇದರ ಭಾರತೀಯ ಮೊಬೈಲ್ ರೂಪವೇ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ (ಬಿಜಿಎಂಐ). ಕ್ರಾಫ್ಟನ್ ಇಂಡಿಯಾದ ಕಚೇರಿ ಬೆಂಗಳೂರಿನಲ್ಲಿದೆ.

ಉಗಮ: ಐರ್ಲೆಂಡಿನ ಬ್ರೆಂಡನ್ ಗ್ರೀನ್ ಮೊದಲು 'ಆರ್ಮಾ 2' ಆಟಕ್ಕೆ ಇಂಥ ಮಾರ್ಪಾಟನ್ನು ಹವ್ಯಾಸವಾಗಿ ರೂಪಿಸಿದ್ದರು. ಮುಂದೆ ಕ್ರಾಫ್ಟನ್ ಆದ ಬ್ಲೂಹೋಲ್ ಸಂಸ್ಥೆಯ ನಿರ್ಮಾಪಕ ಕಿಮ್ ಚಾಂಗ್-ಹಾನ್ 2016ರಲ್ಲಿ ಅವರನ್ನು ಕೊರಿಯಾಕ್ಕೆ ಕರೆಸಿಕೊಂಡರು. 2017ರ ಮಾರ್ಚ್‌ನಲ್ಲಿ ಕಂಪ್ಯೂಟರ್ ಆವೃತ್ತಿ ಆಟಗಾರರ ಕೈಸೇರಿತು. ಚೀನಾದ ಟೆನ್ಸೆಂಟ್ ಸಂಸ್ಥೆಯ ಜೊತೆಗೂಡಿ ರೂಪಿಸಿದ ಮೊಬೈಲ್ ಆವೃತ್ತಿ 2018ರಲ್ಲಿ ಬಂದಾಗ ದುಬಾರಿ ಕಂಪ್ಯೂಟರಿನ ಹಂಗು ತಪ್ಪಿತು. ಅಗ್ಗದ ಡೇಟಾ ಸಿಗುತ್ತಿದ್ದ ಭಾರತದಲ್ಲಿ ಆಟ ಬೇಗನೆ ಹಬ್ಬಿತು.

ನಾಯಕತ್ವ: ಗ್ರೀನ್ 2019ರಲ್ಲಿ ಹೊಸ ಪ್ರಯೋಗಗಳಿಗಾಗಿ ಆಮ್‌ಸ್ಟರ್‌ಡ್ಯಾಮಿಗೆ ತೆರಳಿದರು, 2021ರಲ್ಲಿ ಕ್ರಾಫ್ಟನ್ ತೊರೆದು ಸ್ವಂತ ಸ್ಟುಡಿಯೊ ಕಟ್ಟಿದರು. ಕಿಮ್ 2020ರಲ್ಲಿ ಕ್ರಾಫ್ಟನ್‌ನ ಮುಖ್ಯಸ್ಥರಾದರು. ಕನಸು ಕಂಡವರು ಹೊರನಡೆದರೂ ಆಟ ನಿಲ್ಲಲಿಲ್ಲ, ಏಕೆಂದರೆ ಅದನ್ನು ಉತ್ಪನ್ನವಾಗಿ ಬೆಳೆಸಿದವರು ಒಳಗೇ ಇದ್ದರು.

ಭಾರತದಲ್ಲಿ: 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿ ಮೊಬೈಲ್ ಸೇರಿತ್ತು. ಟೆನ್ಸೆಂಟ್‌ಗೆ ಭಾರತದಲ್ಲಿದ್ದ ಪ್ರಕಾಶನದ ಹಕ್ಕನ್ನು ಕೊರಿಯಾದವರು ಹಿಂಪಡೆದರು. 2021ರ ಜುಲೈ 2ರಂದು ಬಿಜಿಎಂಐ ಹೊರಬಂತು. ಹಳೆಯ ಖಾತೆಯ ಗಳಿಕೆಯನ್ನು ವರ್ಗಾಯಿಸಿಕೊಳ್ಳಲೂ ಅವಕಾಶವಿತ್ತು. 2022ರ ಜುಲೈ ಹೊತ್ತಿಗೆ ನೋಂದಾಯಿತ ಬಳಕೆದಾರರ ಸಂಖ್ಯೆ 10 ಕೋಟಿ ದಾಟಿತ್ತು. ಅದೇ ತಿಂಗಳು ಸರ್ಕಾರದ ಆದೇಶದಂತೆ ಆಟವನ್ನು ಆ್ಯಪ್ ಅಂಗಡಿಗಳಿಂದ ತೆಗೆಯಲಾಯಿತು. ಆಗ ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದ ಸಚಿವ ರಾಜೀವ್ ಚಂದ್ರಶೇಖರ್ 2023ರ ಮೇ ತಿಂಗಳಲ್ಲಿ ಮೂರು ತಿಂಗಳ ಪ್ರಾಯೋಗಿಕ ಅನುಮತಿಯನ್ನು ಪ್ರಕಟಿಸಿದರು. ಹದಿನೆಂಟರೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆಯ ಮಿತಿಯೊಡನೆ ಆಟ ಮರಳಿತು.

ಭವಿಷ್ಯ: 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ನೀಡಿದೆ. ಕೌಶಲವನ್ನೇ ನೆಚ್ಚಿದ ಬಿಜಿಎಂಐಗೆ ಇದು ಅನುಕೂಲಕರ. 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್ ನೀತಿ ತಂದ ಕರ್ನಾಟಕಕ್ಕೂ ಇಲ್ಲಿ ಪಾತ್ರವುಂಟು. ಆದರೆ ಎರಡು ಸಲ ಆಟ ಕೈತಪ್ಪಿದಾಗಲೂ ಆಡುವವರ ಮಾತಿಗೆ ಬೆಲೆ ಇರಲಿಲ್ಲ. ವರ್ಷಗಟ್ಟಲೆ ಆಡಿ ಗಳಿಸಿದ್ದಕ್ಕೆ ಸೂಕ್ತ ರಕ್ಷಣೆ, ನಿರ್ಬಂಧ ಹೇರಿದರೆ ಸ್ಪಷ್ಟ ಕಾರಣ, ಎಳೆಯರಿಗೆ ಸಮಯದ ಮಿತಿ: ಈ ಮೂರನ್ನೂ ಪಾಲಿಸುವುದು ಚುಕ್ಕಾಣಿ ಹಿಡಿದವರೆಲ್ಲರ ಹೊಣೆ.