ಆತಕೂರಿನ ಕಾಳಿ: ನಾಯಿಯ ಸಾವಿಗೆ ನೆಟ್ಟ ಕಲ್ಲು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಚಲ್ಲೇಶ್ವರ ದೇವಾಲಯದ ಮುಂದೆ ನೆಟ್ಟಿದ್ದ ವೀರಗಲ್ಲು ಸತ್ತ ಬೇಟೆನಾಯಿಯೊಂದರ ನೆನಪಿನದು. ನಾಯಿಯ ಹೆಸರು ಕಾಳಿ. ಶಾಸನದಲ್ಲೇ ನಮೂದಾಗಿರುವ ಕಾಲ ಶಕ 872, ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. 949-50. ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿ ಒಂದು ದಶಕವೂ ಕಳೆದಿರಲಿಲ್ಲ, ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದು ಕೊಟ್ಟ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನೇ ಆಗಿನ ಚಕ್ರವರ್ತಿ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎದುರುಬದುರಾಗಿ ಸೆಣಸುತ್ತಿರುವ ನಾಯಿಯೂ ಕಾಡುಹಂದಿಯೂ ಅದರ ಮೇಲೆ ಕೆತ್ತಲ್ಪಟ್ಟಿವೆ. ಸುತ್ತ ತುಂಬಿಕೊಂಡಿರುವುದು ಹಳಗನ್ನಡದ ಬರಹ.

ಇತಿಹಾಸಕಾರರು ಈ ಶಾಸನದ ಬೆನ್ನು ಹತ್ತಿದ್ದು ನಾಯಿಗಾಗಿ ಅಲ್ಲ, ತಕ್ಕೋಲದ ಯುದ್ಧಕ್ಕಾಗಿ. ಇಂದಿನ ತಮಿಳುನಾಡಿನ ಅರಕ್ಕೋಣದ ಬಳಿ ಇರುವ ತಕ್ಕೋಲದಲ್ಲಿ 949ರಲ್ಲಿ ರಾಷ್ಟ್ರಕೂಟರ ಸೇನೆಯೂ ಚೋಳರ ಸೇನೆಯೂ ಕಾದಾಡಿದವು. ಚೋಳ ಪರಾಂತಕನ ಮಗ ರಾಜಾದಿತ್ಯ ಅಲ್ಲಿ ಮಡಿದ. ಅವನನ್ನು ಕೊಂದವನು ಕೃಷ್ಣನ ಭಾವ, ತಲಕಾಡಿನ ಗಂಗ ದೊರೆ ಇಮ್ಮಡಿ ಬೂತುಗ. ರಾಜಾದಿತ್ಯ ಆನೆಯ ಮೇಲೆಯೇ ಸತ್ತನೆಂದು ಚೋಳರ ಶಾಸನಗಳೂ ನೆನೆಯುತ್ತವೆ. ಕೊಂದ ಬಗೆಯನ್ನು ಆತಕೂರಿನ ಶಾಸನ ಹೇಳುವ ಸಾಲು ಒಂದು ಕಾಲಕ್ಕೆ ವಿದ್ವಾಂಸರ ಜಗಳಕ್ಕೆ ಕಾರಣವಾಗಿತ್ತು. ಬೂತುಗ ಮೋಸದಿಂದ ಇರಿದನೆಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ಮೊದಲು ಅರ್ಥ ಮಾಡಿದರು. ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಕಾದಿದ ಎಂಬ ಅರ್ಥ ಆಮೇಲೆ ನಿಂತಿತು. ಗೆದ್ದ ಬೂತುಗನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮುಂತಾದ ನಾಡುಗಳು ಬಂದವು. ಇದೆಲ್ಲ ಒಂದು ನಾಯಿಯ ಕಲ್ಲಿನಿಂದ ತಿಳಿದುಬಂದದ್ದು ಚರಿತ್ರೆಯ ಒಂದು ತಮಾಷೆಯೇ ಸರಿ.

ಆ ಯುದ್ಧದಲ್ಲಿ ಬೂತುಗನ ಕಡೆ ಕಾದಿದವರಲ್ಲಿ ಮಣಲೆರ ಒಬ್ಬ. ಸಗರವಂಶದವನು, ‘ಸಗರತ್ರಿಣೇತ್ರ’ ಎಂಬ ಬಿರುದು ಹೊತ್ತವನು, ಬೂತುಗನ ಅಂಕಕಾರ, ಅಂದರೆ ಒಡೆಯನ ಪರವಾಗಿ ಸೆಣಸುವ ವೀರ. ಅವನ ಕಲಿತನಕ್ಕೆ ಮೆಚ್ಚಿದ ಒಡೆಯ ಏನು ಬೇಕೋ ಬೇಡಿಕೋ ಎಂದಾಗ ಮಣಲೆರ ಕೇಳಿದ್ದು ಕಾಳಿಯನ್ನು. ಊರು, ಹೊನ್ನು, ಕುದುರೆ ಯಾವುದನ್ನೂ ಅವನು ಬೇಡಲಿಲ್ಲ. ಊರು ಅವನಿಗೆ ಹೇಗೂ ಸಿಕ್ಕಿತು. ಆತಕೂರು ಸೇರಿದ ಹನ್ನೆರಡು ಊರುಗಳ ಗುಂಪನ್ನು ಬೂತುಗ ಅವನಿಗೆ ಬಾಳ್ಗಚ್ಚಾಗಿ, ಅಂದರೆ ಗೆದ್ದ ಕತ್ತಿಯನ್ನು ತೊಳೆದು ಕೊಡುವ ಗೌರವದ ದತ್ತಿಯಾಗಿ, ಬಿಟ್ಟುಕೊಟ್ಟ. ಆದರೆ ಆಯ್ಕೆ ತನ್ನದಾಗಿದ್ದಾಗ ಅವನ ಬಾಯಿಗೆ ಬಂದದ್ದು ನಾಯಿಯ ಹೆಸರು.

ಕಾಳಿ ಸತ್ತದ್ದು ಬೇಟೆಯಲ್ಲಿ. ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಅದನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಬೇಟೆ ಅಂದಿನ ಅರಸುಮಕ್ಕಳಿಗೆ ಆಟವೂ ಹೌದು, ಯುದ್ಧದ ಅಭ್ಯಾಸವೂ ಹೌದು. ಕೋರೆಯ ಗಂಡುಹಂದಿ ತಿರುಗಿಬಿದ್ದರೆ ನಾಯಿಯ ಹೊಟ್ಟೆ ಸೀಳುವುದು ಕ್ಷಣದ ಕೆಲಸ. ಬಿಟ್ಟ ನಾಯಿಯನ್ನು ಹಿಂದಕ್ಕೆ ಕರೆಯಲು ಬೇಟೆಗಾರನಿಗೆ ಸಮಯವೇ ಸಿಗುವುದಿಲ್ಲ. ಆ ದಿನ ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಶಾಸನ ಇಷ್ಟನ್ನೇ ಹೇಳಿ ಮುಂದೆ ಹೋಗುತ್ತದೆ. ಮಣಲೆರ ಅತ್ತನೆಂದಾಗಲಿ, ಅನ್ನನೀರು ಬಿಟ್ಟನೆಂದಾಗಲಿ ಅಲ್ಲಿಲ್ಲ. ಬಿರುದುಗಳನ್ನು ಸಾಲುಸಾಲಾಗಿ ಪೋಣಿಸುವ ಬರಹದಲ್ಲಿ ಶೋಕಕ್ಕೆ ಒಂದು ಮಾತೂ ಸಿಕ್ಕಿಲ್ಲ.

ಶೋಕವನ್ನು ಓದಬೇಕಾದದ್ದು ಆಮೇಲಿನ ಏರ್ಪಾಡಿನಲ್ಲಿ. ಕಾಳಿಯ ನೆನಪಿಗೆ ಚಲ್ಲೇಶ್ವರನ ಮುಂದೆ ಕಲ್ಲು ನೆಟ್ಟರು. ಊರಿನ ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಭೂಮಿಯನ್ನು ಅದಕ್ಕೆ ಬಿಟ್ಟರು. ಎರಡು ಕಂಡುಗ ಬೀಜ ಬಿತ್ತುವಷ್ಟು ವಿಸ್ತಾರದ ನೆಲ ಅದು. ಕೆರೆಯ ಕೆಳಗಿನದಾದ್ದರಿಂದ ನೀರಾವರಿಯ ಗದ್ದೆ. ಬರಡು ನೆಲವನ್ನು ಕೊಟ್ಟು ಕೈತೊಳೆದುಕೊಂಡದ್ದಲ್ಲ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ತಪಸ್ವಿ, ಕಲ್ಲನ್ನು ಪೂಜಿಸದೆ ಉಣ್ಣುವಂತಿಲ್ಲ. ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ.

ಈ ಶಾಪದ ಮಾತು ಗಮನಿಸುವಂಥದ್ದು. ದತ್ತಿ ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂದು ಹೇಳುವುದು ಕನ್ನಡ ಶಾಸನಗಳ ಸಾಮಾನ್ಯ ವಾಡಿಕೆ. ಇಲ್ಲಿ ಪಾಪದ ಅಳತೆಗೋಲು ನಾಯಿಯೇ. ಬೇಟೆಯಲ್ಲಿ ಜೀವಗಳನ್ನು ತೆಗೆದದ್ದೇ ಆ ಪಾಪವಿರಬೇಕು. ಒಡೆಯನ ಸಲುವಾಗಿ ನಾಯಿ ಕಟ್ಟಿಕೊಂಡ ಪಾಪವನ್ನು, ಅದನ್ನು ಮರೆತವನ ತಲೆಗೆ ಕಟ್ಟುವ ಈ ಉಪಾಯ ಯಾವನೋ ಲಿಪಿಕಾರನ ರೂಢಿಯ ಮಾತಿನಿಂದ ಹುಟ್ಟಿದ್ದಲ್ಲ. ಕಾಳಿಗಾಗಿಯೇ ಯೋಚಿಸಿ ಬರೆಸಿದ ಸಾಲು ಇದು. ಮಣಲೆರ ಸತ್ತ ಮೇಲೂ ದಿನದಿನವೂ ಒಬ್ಬನಾದರೂ ಊಟಕ್ಕೆ ಮುಂಚೆ ಆ ನಾಯಿಯನ್ನು ನೆನೆಯಬೇಕೆಂಬ ಹಟ ಅದರಲ್ಲಿದೆ. ಹತ್ತನೆಯ ಶತಮಾನದ ಒಬ್ಬ ಯೋಧನ ದುಃಖ ಗದ್ದೆ, ಪೂಜೆ, ಶಾಪಗಳ ರೂಪ ತಳೆದು ಉಳಿದಿದೆ. ಅಳುವಿನ ವರ್ಣನೆಯಿದ್ದರೂ ಅದು ಇದಕ್ಕಿಂತ ಹೆಚ್ಚೇನನ್ನೂ ಹೇಳುತ್ತಿರಲಿಲ್ಲ.

ಧರ್ಮಶಾಸ್ತ್ರಗಳು ನಾಯಿಯನ್ನು ಅಶುಚಿಯೆಂದೇ ಎಣಿಸಿದವು. ಅದು ಮುಟ್ಟಿದರೆ ಮೀಯಬೇಕು, ಅದು ಬಾಯಿಟ್ಟ ಅನ್ನ ತ್ಯಾಜ್ಯ. ಅಂಥ ಪ್ರಾಣಿಯ ಕಲ್ಲು ಶಿವಾಲಯದ ಎದುರಿಗೇ ಬಂದು ಪೂಜೆ ಪಡೆದದ್ದು ವೀರಗಲ್ಲಿನ ಪದ್ಧತಿಯ ಬಲದಿಂದ. ತುರುಗಳನ್ನು ಬಿಡಿಸಲು, ಊರು ಕಾಯಲು, ಒಡೆಯನಿಗಾಗಿ ಪ್ರಾಣ ಕೊಟ್ಟವನಿಗೆ ಕಲ್ಲು ನೆಡುವುದು ಆ ಕಾಲದ ನಾಡಿನಲ್ಲಿ ಒಪ್ಪಿತ ಕಟ್ಟಳೆ. ಸತ್ತವನು ಯಾರು ಎನ್ನುವುದಕ್ಕಿಂತ ಹೇಗೆ ಸತ್ತ ಎನ್ನುವುದೇ ಅಲ್ಲಿ ಮುಖ್ಯ. ಎದುರಾಳಿಗೆ ಬೆನ್ನು ತೋರಿಸದೆ ಸತ್ತ ಕಾಳಿ ಆ ಕಟ್ಟಳೆಯೊಳಗೆ ಸುಲಭವಾಗಿ ಸೇರಿಕೊಂಡಿತು. ಶೈವದಲ್ಲಿ ನಾಯಿಗೆ ಬೇರೊಂದು ದಾರಿಯೂ ಇತ್ತು. ಭೈರವನ ವಾಹನ ನಾಯಿ. ಮೈಲಾರಲಿಂಗನ ಗೊರವರು ಇಂದಿಗೂ ತಮ್ಮನ್ನು ದೇವರ ನಾಯಿಗಳೆಂದು ಕರೆದುಕೊಂಡು, ದೋಣಿಸೇವೆಯಲ್ಲಿ ಬೊಗಳುತ್ತಾ ದೋಣಿಗೆ, ಅಂದರೆ ಎಡೆಯಿಟ್ಟ ಪಾತ್ರೆಗೆ, ಬಾಯಿ ಹಾಕಿ ಉಣ್ಣುತ್ತಾರೆ.

ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಬರಲೊಲ್ಲದ ಧರ್ಮರಾಯನ ಕಥೆ ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದ್ದು. ಕನ್ನಡದ ದೊಡ್ಡ ಭಾರತಗಳು ಅಲ್ಲಿಯವರೆಗೆ ಹೋಗಲಿಲ್ಲ. ಪಂಪನ ಕಾವ್ಯ ಅರ್ಜುನನ ಪಟ್ಟಾಭಿಷೇಕದಲ್ಲಿ ನಿಲ್ಲುತ್ತದೆ, ಕುಮಾರವ್ಯಾಸನದು ಗದಾಪರ್ವಕ್ಕೆ. ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ. ಅದಕ್ಕೆ ಐನೂರಕ್ಕೂ ಹೆಚ್ಚು ವರ್ಷ ಮುಂಚೆಯೇ ಸತ್ತ ನಾಯಿಗೆ ಗೌರವ ಸಲ್ಲಿಸಿದ ಬರಹವೊಂದು ಕನ್ನಡದಲ್ಲಿ ಕಲ್ಲಿನ ಮೇಲಿತ್ತು.

ಕಾಳಿಯ ಕಲ್ಲು ಒಂಟಿಯೂ ಅಲ್ಲ, ಮೊದಲನೆಯದೂ ಅಲ್ಲ. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಮೇಲಾಗಣಿಯ ಶಾಸನದಲ್ಲಿ ಧಳಗ ಎಂಬ ಬೇಟೆನಾಯಿಯ ಹೆಸರಿದೆ. ಅದು ಕೊಂದ ಹಂದಿಗಳ ಲೆಕ್ಕವೇ ಅದರ ಪ್ರಶಸ್ತಿ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡತ್ತನೂರಿನ ಕಲ್ಲು ಇನ್ನೂ ಹಳೆಯದು, ಪಲ್ಲವ ಮಹೇಂದ್ರವರ್ಮನ ಕಾಲದ್ದು. ತುರುಗಾಳಗದಲ್ಲಿ ಬಿದ್ದ ವೀರನ ಪಕ್ಕದಲ್ಲಿ ಅವನ ನಾಯಿ ನಿಂತಿದೆ. ಕೋವಿವನ್ ಎಂಬ ಆ ನಾಯಿ ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತಿತೆಂದು ಅಲ್ಲಿ ಬರೆದಿದೆ. ಅದೇ ಸೀಮೆಯ ವಿಳುಪ್ಪುರಂ ಜಿಲ್ಲೆಯ ಅರಸಲಾಪುರಂ, ಇಂದಳೂರುಗಳಲ್ಲಿ ಕಾಳಗದ ಹುಂಜಗಳಿಗೂ ಕಲ್ಲುಗಳಿವೆ. ಆದರೆ ಎಡತ್ತನೂರಿನ ನಾಯಿ ತನ್ನ ಒಡೆಯನ ಕಲ್ಲಿನಲ್ಲಿ ಪಾಲು ಪಡೆದದ್ದು. ಆತಕೂರಿನಲ್ಲಿ ಕಲ್ಲು ನಾಯಿಯದೇ. ಒಡೆಯ ಬದುಕಿದ್ದು, ಅದನ್ನು ನೆಡಿಸಿದವನು.

ಕಲ್ಲು ಮಾತ್ರ ಇದ್ದು ಆಧಾರ ಇಲ್ಲದ ನೆನಪುಗಳೂ ಉಂಟು. ರಾಯಗಡದಲ್ಲಿ ಶಿವಾಜಿಯ ಸಮಾಧಿಯ ಬಳಿ ವಾಘ್ಯಾ ಎಂಬ ನಾಯಿಯ ಪ್ರತಿಮೆಯಿದೆ. ಒಡೆಯನ ಚಿತೆಗೆ ಅದು ಹಾರಿತೆಂಬುದು ಕಥೆ. ಶಿವಾಜಿ ತೀರಿಕೊಂಡದ್ದು 1680ರಲ್ಲಿ. ಪ್ರತಿಮೆ ಎದ್ದದ್ದು 1936ರಲ್ಲಿ, ಇಂದೋರಿನ ಹೋಳ್ಕರ್ ಮನೆತನದ ನೆರವಿನಿಂದ. ಕಥೆಗೆ ಸಮಕಾಲೀನ ದಾಖಲೆಯಿಲ್ಲವೆಂದು ವಾದಿಸಿದ ಸಂಘಟನೆಯೊಂದು ಮುಂದೆ ಅದನ್ನು ಕಿತ್ತುಹಾಕಿತು. ಜನ ಸಿಟ್ಟಿಗೆದ್ದ ಮೇಲೆ ಪ್ರತಿಮೆ ಮರಳಿ ಅಲ್ಲಿಗೇ ಬಂತು. ನಾಯಿಯ ನಿಷ್ಠೆಯ ಕಥೆಗೆ ಇರುವ ಹಿಡಿತ ಪುರಾವೆಯನ್ನು ಕಾಯುವುದಿಲ್ಲ. ಆತಕೂರಿನ ಶಾಸನದ ಬೆಲೆ ಹೆಚ್ಚುವುದೂ ಇದಕ್ಕೇ: ಅದು ಘಟನೆ ನಡೆದ ಕಾಲದಲ್ಲೇ, ನಾಯಿಯನ್ನು ಕಳೆದುಕೊಂಡವನ ಕಡೆಯಿಂದಲೇ ಬಂದದ್ದು.

ವೀರಗಲ್ಲಿನ ಪದ್ಧತಿ ವಿಜಯನಗರದ ನಂತರ ಸೊರಗಿತು. ಬೇಟೆನಾಯಿಯ ಜಾಗಕ್ಕೆ ಮನೆಯೊಳಗಿನ ನಾಯಿ ಬಂತು. ಅದರ ಸಾವು ರಣದ ಸಾವಲ್ಲ, ಕಾಯಿಲೆಯ, ಮುಪ್ಪಿನ, ರಸ್ತೆ ಅಪಘಾತದ ಸಾವು. ಹೊಗಳಲು ಪರಾಕ್ರಮವಿಲ್ಲದ ಇಂಥ ಸಾವಿಗೆ ಹಳೆಯ ಕಟ್ಟಳೆಯಲ್ಲಿ ಎಡೆಯಿರಲಿಲ್ಲ. ಮನೆಮಂದಿ ಹಿತ್ತಲಲ್ಲೋ ತೋಟದ ಬದುವಿನಲ್ಲೋ ಹೂತು, ಮೇಲೊಂದು ಗಿಡ ನೆಟ್ಟು ಸುಮ್ಮನಾದರು. ನಾಯಿಗಾಗಿ ಅತ್ತರೆ ನೆರೆಯವರು ನಗುತ್ತಾರೆಂಬ ಅಳುಕೂ ಇದ್ದಿತು.

ಆ ಅಳುಕು ಈಚೆಗೆ ಕಡಿಮೆಯಾಗಿದೆ. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಎರಡು ನಾಯಿಗಳು ಕಾಣೆಯಾದ ಮೇಲೆ, ಗ್ರಾಮದೇವತೆ ಕೆಂಪಮ್ಮನ ಅಪ್ಪಣೆಯೆಂದು ನಂಬಿ, 2010ರಲ್ಲಿ ಜೋಡಿ ನಾಯಿಗಳ ವಿಗ್ರಹವಿಟ್ಟು ಗುಡಿ ಕಟ್ಟಿದರು. 2021ರ ಜುಲೈಯಲ್ಲಿ, ಮುಖ್ಯಮಂತ್ರಿಯಾಗುವ ಕೆಲವೇ ದಿನ ಮುಂಚೆ, ಬಸವರಾಜ ಬೊಮ್ಮಾಯಿಯವರ ಮನೆಯ ನಾಯಿ ಸನ್ನಿ ಸತ್ತಾಗ ಕುಟುಂಬದ ಅಳು ನಾಡಿಗೆಲ್ಲ ಕಂಡಿತು. ಮರುವರ್ಷ ನಾಯಿಯ ಕಥೆಯ ‘777 ಚಾರ್ಲಿ’ ಚಿತ್ರ ನೋಡಿ ಅವರು ಮತ್ತೆ ಎಲ್ಲರೆದುರು ಕಣ್ಣೀರಿಟ್ಟರು. ಹಿತ್ತಲಿಲ್ಲದ ಬೆಂಗಳೂರಿನ ಮನೆಗಳಿಗೆ ಹೂಳುವ ಜಾಗವೇ ಮೊದಲ ತೊಡಕು. ಕೆಂಗೇರಿಯ ಬಳಿ ಪ್ರಾಣಿದಯಾ ಸಂಸ್ಥೆಯೊಂದರ ಆವರಣದಲ್ಲಿ ಸಾಕುಪ್ರಾಣಿಗಳಿಗೆಂದೇ ಸ್ಮಶಾನವಿದೆ. ಅಲ್ಲಿನ ಫಲಕಗಳ ಮೇಲೆ ನಾಯಿಯ ಹೆಸರಿನೊಂದಿಗೆ ಮನೆಯವರ ಮಾತುಗಳೂ ಇವೆ.