ಹಗುರ ದುಡಿಮೆಯ ಹೆಗಲುನೋವು: ಗಣಕದ ಕೆಲಸ ಮತ್ತು ಬಿಡುವಿಲ್ಲದ ಸ್ನಾಯು

ಇಟಲಿಯ ವೈದ್ಯ ಬೆರ್ನಾರ್ದಿನೋ ರಾಮಾಜ್ಜಿನಿ ಕಸುಬುಗಳಿಂದ ಬರುವ ಕಾಯಿಲೆಗಳನ್ನು ಕುರಿತ ತನ್ನ ಗ್ರಂಥವನ್ನು 1700ರಲ್ಲಿ ಪ್ರಕಟಿಸಿದ. 1713ರಲ್ಲಿ ಅದನ್ನು ವಿಸ್ತರಿಸುವಾಗ ಲಿಪಿಕಾರರನ್ನೂ ಗುಮಾಸ್ತರನ್ನೂ ಸೇರಿಸಿಕೊಂಡ. ಅವರ ಕಷ್ಟಕ್ಕೆ ಆತ ಕೊಟ್ಟ ಕಾರಣಗಳು ಮೂರು: ಕೂತಲ್ಲೇ ಕೂರುವುದು, ಕೈಯನ್ನು ಸದಾ ಒಂದೇ ದಿಕ್ಕಿಗೆ ಆಡಿಸುವುದು, ಲೆಕ್ಕ ತಪ್ಪೀತೆಂಬ ಮನಸ್ಸಿನ ಬಿಗಿ. ಗಣಕದ ಮುಂದೆ ದುಡಿಯುವವರ ಕತ್ತು, ಹೆಗಲು, ತೋಳಿನ ನೋವನ್ನು ಕುರಿತು ಕಳೆದ ನಾಲ್ಕು ದಶಕಗಳಲ್ಲಿ ನಡೆದ ಸಂಶೋಧನೆಯನ್ನು ಓದಿದರೆ ಎರಡನೆಯ ಮತ್ತು ಮೂರನೆಯ ಕಾರಣಗಳೇ ಮತ್ತೆ ಮತ್ತೆ ಎದುರಾಗುತ್ತವೆ. ನಮ್ಮ ಕಚೇರಿಗಳು ಮಾತ್ರ ಮೊದಲನೆಯದನ್ನೇ ಹಿಡಿದುಕೊಂಡು ಕುರ್ಚಿ ಬದಲಾಯಿಸುತ್ತಿವೆ.

ಮೂಟೆ ಹೊರುವವರ ಹೆಗಲು ನೋಯುವುದು ಯಾರಿಗಾದರೂ ಅರ್ಥವಾಗುತ್ತದೆ. ಅಂಗೈಯೊಳಗಿನ ಮೌಸ್ ಹಿಡಿದವರ ಹೆಗಲು ಯಾಕೆ ನೋಯಬೇಕು? ಗಣಕದ ಕೆಲಸದಲ್ಲಿ ಹೆಗಲ ಮೇಲ್ಭಾಗದ ಟ್ರಪೀಜಿಯಸ್ ಸ್ನಾಯು ಬಳಸುವುದು ತನ್ನ ಪೂರ್ಣ ಶಕ್ತಿಯ ತೀರಾ ಸಣ್ಣ ಪಾಲನ್ನು. ಸ್ವೀಡನ್ನಿನ ಯೋರಾನ್ ಹೆಗ್ 1991ರಲ್ಲಿ ಮಂಡಿಸಿದ ವಾದದ ಪ್ರಕಾರ ತೊಡಕು ಇರುವುದು ಈ ಸಣ್ಣತನದಲ್ಲೇ. ಸ್ನಾಯುವಿನ ಎಳೆಗಳೆಲ್ಲ ಒಟ್ಟಿಗೆ ಕೆಲಸಕ್ಕಿಳಿಯುವುದಿಲ್ಲ. ಚಿಕ್ಕವು ಮೊದಲು ಎದ್ದು ಕೊನೆಗೆ ವಿರಮಿಸುತ್ತವೆ. ದೊಡ್ಡವು ಭಾರ ಹೆಚ್ಚಿದಾಗಷ್ಟೇ ಕೈಜೋಡಿಸುತ್ತವೆ. ಕೂಡುಕುಟುಂಬದ ಕಿರಿಸೊಸೆಯ ಪಾಡು ಇದು. ಕೆಲಸ ಹಗುರವಾಗಿರುವಷ್ಟೂ ಹೊತ್ತು ಅದೇ ಕೆಲವು ಎಳೆಗಳು ದುಡಿಯುತ್ತವೆ, ಪಾಳಿ ಬದಲಾಗುವುದೇ ಇಲ್ಲ.

ಇದು ಪೂರ್ತಿ ಸಾಬೀತಾದ ಸಿದ್ಧಾಂತವಲ್ಲ. ಆದರೂ ಇದರ ಬೆಂಬಲಕ್ಕೆ ನಿಲ್ಲುವ ಒಂದು ಅವಲೋಕನ ನನಗೆ ತುಂಬ ಮುಖ್ಯವೆನಿಸುತ್ತದೆ. ನಾರ್ವೆಯಲ್ಲಿ ಹಗುರವಾದ ಪ್ಯಾಕಿಂಗ್ ಕೆಲಸ ಮಾಡುವ ಮಹಿಳೆಯರ ಹೆಗಲ ಸ್ನಾಯುವಿನ ವಿದ್ಯುತ್ ಸಂಕೇತಗಳನ್ನು ಸಂಶೋಧಕರು 1990ರ ಸುಮಾರಿಗೆ ದಾಖಲಿಸಿದರು. ಅವರು ಎಣಿಸಿದ್ದು ಸ್ನಾಯು ಸುಮ್ಮನಾಗುವ ಕ್ಷಣಗಳನ್ನು. ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಸುಮ್ಮನಿದ್ದರೂ ಅದು ಲೆಕ್ಕಕ್ಕೆ ಬಂತು. ಇಂಥ ಬಿಡುವು ಕಡಿಮೆ ಇದ್ದವರಲ್ಲೇ ಮುಂದೆ ನೋವು ಹೆಚ್ಚಾಗಿ ಕಾಣಿಸಿಕೊಂಡಿತು. ಅಲ್ಲಿನವೇ ಬೇರೆ ಪ್ರಯೋಗಗಳಲ್ಲಿ, ತೋಳನ್ನು ಬಹುಮಟ್ಟಿಗೆ ಆಡಿಸದೆ ಪರದೆಯ ಮೇಲಿನ ಕ್ಲಿಷ್ಟ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿದ್ದವರ ಟ್ರಪೀಜಿಯಸ್ ಕೂಡ ಬಿಗಿಯಾಯಿತು. ಗುಮಾಸ್ತರ ಆತಂಕವನ್ನು ರಾಮಾಜ್ಜಿನಿ ಕಾಯಿಲೆಯ ಕಾರಣಗಳಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ.

ಬಿಡುವೇ ಮುಖ್ಯ ಎಂದಾದರೆ ಕೀಲಿಮಣೆಗಿಂತ ಮೌಸ್ ಹೆಚ್ಚು ಅನುಮಾನಕ್ಕೆ ಗುರಿಯಾಗಬೇಕು. ಕನ್ನಡದ ಡಿಟಿಪಿ ಕೆಲಸವನ್ನೇ ನೋಡಿ. ‘ನುಡಿ’ ತಂತ್ರಾಂಶದ ಕೀಲಿ ವಿನ್ಯಾಸದಲ್ಲಿ ‘ವಿದ್ಯಾರ್ಥಿ’ ಎಂದು ಮೂಡಿಸಲು ಒತ್ತಿಗಾಗಿ ಎಫ್ ಕೀಲಿಯನ್ನು ಎರಡು ಸಲ, ದೀರ್ಘಕ್ಕೂ ಮಹಾಪ್ರಾಣಕ್ಕೂ ಸೇರಿ ಶಿಫ್ಟನ್ನು ಎರಡು ಸಲ ಒತ್ತಬೇಕು. ಬೆರಳಿಗೆ ಶ್ರಮವೇನೋ ಇದೆ, ಆದರೆ ಎರಡೂ ಕೈಗಳು ಮೈಮುಂದೆಯೇ ಇದ್ದು ಕೆಲಸ ಹಂಚಿಕೊಳ್ಳುತ್ತವೆ. ಅದೇ ವ್ಯಕ್ತಿ ಪುಟ ಕಟ್ಟಲು ಕೂತಾಗ ಬಲಗೈ ಅಂಕಿಗಳ ಕೀಲಿಪಟ್ಟಿಯನ್ನು ದಾಟಿ ಹೊರಕ್ಕೆ ಚಾಚುತ್ತದೆ. ಮೊಣಕೈಗೆ ಆಸರೆ ತಪ್ಪುತ್ತದೆ. ಕಾಲಂ ಸರಿಹೊಂದಿಸುವಷ್ಟು ಹೊತ್ತೂ ಹೆಗಲು ಆ ತೋಳನ್ನು ಎತ್ತಿ ಹಿಡಿದಿರುತ್ತದೆ.

ಮಣಿಕಟ್ಟಿನಲ್ಲಿ ನರ ಅದುಮಿ ಕೈ ಜೋಮು ಹಿಡಿಯುವ ಕಾರ್ಪಲ್ ಟನಲ್ ತೊಂದರೆಗೆ ಗಣಕವೇ ಕಾರಣ ಎಂಬ ನಂಬಿಕೆ ಇಷ್ಟು ಗಟ್ಟಿಯಲ್ಲ. ಡೆನ್ಮಾರ್ಕಿನಲ್ಲಿ 6,943 ತಾಂತ್ರಿಕ ನೌಕರರನ್ನು ಒಂದು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಆರಂಭದಲ್ಲಿ, ಬಲಗೈ ಜೋಮು ಹಿಡಿಯುತ್ತದೆ ಎಂದವರು ಶೇ. 10.9. ಸಂದರ್ಶಿಸಿ ವಿಚಾರಿಸಿದಾಗ ಆ ಪ್ರಮಾಣ ಶೇ. 4.8ಕ್ಕೆ ಇಳಿಯಿತು, ರಾತ್ರಿಯೂ ಲಕ್ಷಣಗಳಿದ್ದವರು ಶೇ. 1.4 ಮಾತ್ರ. ವಾರಕ್ಕೆ 20 ಗಂಟೆ ಮೀರಿ ಮೌಸ್ ಹಿಡಿದವರಲ್ಲಿ ಅಪಾಯ ಏರಿತ್ತು. ಕೀಲಿಮಣೆಗೆ ಅಂಥ ನಂಟು ಸ್ಪಷ್ಟವಾಗಿ ಕಾಣಲಿಲ್ಲ.

ಪರಿಹಾರಗಳ ಕಥೆಯೂ ಹೀಗೆಯೇ. ಕಚೇರಿ ನೌಕರರ ನೋವು ತಡೆಯುವ ಉಪಾಯಗಳನ್ನು ಪರಿಶೀಲಿಸಿದ 2018ರ ಕಾಕ್ರೇನ್ ವಿಮರ್ಶೆ 15 ಪ್ರಯೋಗಗಳನ್ನು ಒಳಗೊಂಡಿತ್ತು. ಅವುಗಳಲ್ಲಿ ತಕ್ಕಮಟ್ಟಿನ ಆಧಾರ ಸಿಕ್ಕಿದ್ದು ಮುಂಗೈಗೆ ಆಸರೆ ಮತ್ತು ಬೇರೆ ಬಗೆಯ ಮೌಸ್ ಎರಡನ್ನೂ ಒಟ್ಟಿಗೆ ಕೊಟ್ಟ ಕ್ರಮಕ್ಕೆ, ಅದೂ ಕತ್ತು ಮತ್ತು ಹೆಗಲಿಗಷ್ಟೇ. ಡೆನ್ಮಾರ್ಕಿನ 2011ರ ಇನ್ನೊಂದು ಪ್ರಯೋಗದಲ್ಲಿ ಆಗಾಗ ಕತ್ತು ಹೆಗಲು ನೋಯುತ್ತಿದ್ದ 198 ಮಂದಿಯಲ್ಲಿ ಕೆಲವರು ಹತ್ತು ವಾರ ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ ಮಾಡಿದರು. ದಿನಕ್ಕೆ ಎರಡೇ ನಿಮಿಷ ಎಳೆದವರ ನೋವೂ ಹನ್ನೆರಡು ನಿಮಿಷ ಎಳೆದವರಷ್ಟೇ ಎನ್ನುವಂತೆ ಇಳಿಯಿತು. ಕಾಸು ಖರ್ಚಿಲ್ಲದ ಈ ಉಪಾಯಕ್ಕೆ ಜಾಹೀರಾತು ಕೊಡುವವರು ಯಾರೂ ಇಲ್ಲ.

ಮನಸ್ಸಿನ ಬಿಗಿಯ ಮಾತೆತ್ತಿದರೆ ಒಂದು ಅಪಾಯವೂ ಇದೆ. 1980ರ ದಶಕದ ಮಧ್ಯದಲ್ಲಿ ಆಸ್ಟ್ರೇಲಿಯಾದ ಕಚೇರಿಗಳಲ್ಲಿ ತೋಳುನೋವಿನ ದೂರುಗಳು ಒಮ್ಮೆಲೇ ಏರಿ ಕೆಲವೇ ವರ್ಷಗಳಲ್ಲಿ ಇಳಿದವು. ಆಗ ಅದು ಬರೀ ಮನೋವಿಕಾರ, ಪರಿಹಾರಧನದ ಆಸೆ ಎಂದು ವಾದಿಸಿದ ವೈದ್ಯರಿದ್ದರು. ಆ ವಾದ ನನಗೆ ಒಪ್ಪಿಗೆಯಿಲ್ಲ. ಗಡುವಿನ ಒತ್ತಡ ಸ್ನಾಯುವನ್ನು ಬಿಗಿಗೊಳಿಸುವುದು ಅಳೆದು ತೋರಿಸಬಹುದಾದ ಸಂಗತಿ. ಕಾರಣ ಮನಸ್ಸಿನಲ್ಲಿದೆ ಎಂದಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ಕರ್ನಾಟಕದ ಮಟ್ಟಿಗೆ ಇದು ಕಾನೂನಿನ ಪ್ರಶ್ನೆಯೂ ಹೌದು. ಬೆಂಗಳೂರಿನ ಐಟಿ ಕಚೇರಿಗಳಿಗೆ ಅನ್ವಯಿಸುವುದು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ. ಅಲ್ಲಿ ದಿನದ ದುಡಿಮೆಯನ್ನು 12 ಗಂಟೆಗೂ ಮೀರಿ ಹಿಗ್ಗಿಸಲು ಅವಕಾಶ ಕೊಡುವ ಪ್ರಸ್ತಾವ 2024ರ ಜುಲೈನಲ್ಲಿ ಬಂದು ನೌಕರ ಸಂಘಟನೆಗಳ ವಿರೋಧ ಎದುರಿಸಿತು. ಇಂಥ ಪ್ರಸ್ತಾವ ಮತ್ತೆ ಬಂದರೆ ಮೌಸ್ ಹಿಡಿಯುವ ಗಂಟೆಗಳ ಲೆಕ್ಕವೂ ಚರ್ಚೆಯ ಮೇಜಿನ ಮೇಲಿರಬೇಕು. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿಯಲ್ಲಿ ಸೀಸದ ವಿಷವಿತ್ತು, ಸಿಲಿಕೋಸಿಸ್ ಇತ್ತು, ಸದ್ದಿನಿಂದ ಬರುವ ಕಿವುಡುತನವಿತ್ತು; ದುಡಿಮೆಯಿಂದ ಬರುವ ಕತ್ತು, ಹೆಗಲು, ತೋಳಿನ ನೋವು ಇರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2010ರ ಪಟ್ಟಿಯಲ್ಲಿ ಸ್ನಾಯು ಮತ್ತು ಮೂಳೆಯ ತೊಂದರೆಗಳಿಗೆ ಪ್ರತ್ಯೇಕ ವಿಭಾಗವೇ ಇದೆ. ನಮ್ಮ ಪಟ್ಟಿಗೂ ಅದು ಸೇರಬೇಕು.